ಚಪ್ಪಲಿ ಜಾರುತ್ತಾ ಮೇಷ್ಟ್ರೇ?

ನರರೋಗ ತಜ್ಞರು ಕೇಳಿದ ಮೊದಲ ಪ್ರಶ್ನೆಯೇ ಇದು. ಮೇಷ್ಟ್ರು ತಬ್ಬಿಬ್ಬಾದರು. ಹೆಸರು ಬೇಡ; ನನ್ನ ಹಳೆಯ ಸ್ನೇಹಿತರು, ತುಮಕೂರು ಕಡೆಯ ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ಎಂಆರ್‌ಐ, ರಕ್ತಪರೀಕ್ಷೆ ಎಂದು ಮಾನಸಿಕವಾಗಿ ಸಿದ್ಧರಾಗಿ ಬಂದವರಿಗೆ ಚಪ್ಪಲಿ ವಿಚಾರ ಎದುರಾಗಿತ್ತು.

"ಜಾರುತ್ತೆ ಸಾರ್. ಎಡಗಾಲಿನದು."

"ಗೊತ್ತಾಗಿ ಜಾರುತ್ತೋ, ಇಲ್ಲಾ ಎಲ್ಲೋ ಬಿಟ್ಟುಬಂದದ್ದು ಆಮೇಲೆ ಗೊತ್ತಾಗುತ್ತೋ?"

"ಗೊತ್ತಾಗುತ್ತೆ. ಬೆರಳು ಹಿಡಿಯಲ್ಲ, ಅಷ್ಟೇ."

ಹವಾಯಿ ಚಪ್ಪಲಿ ಮೆಟ್ಟುವ ದೇಶದ ವೈದ್ಯರಿಗೆ ಇದೊಂದು ಪುಕ್ಕಟೆ ಪರೀಕ್ಷೆ. ಚಪ್ಪಲಿ ಕಳಚಿದ್ದೇ ತಿಳಿಯದಿದ್ದರೆ ಸ್ಪರ್ಶ ಹೊತ್ತು ತರುವ ನರಗಳಲ್ಲಿ ತೊಂದರೆ. ಜಾರುವುದು ತಿಳಿದೂ ಹಿಡಿದುಕೊಳ್ಳಲಾಗದಿದ್ದರೆ ಆಜ್ಞೆ ಒಯ್ಯುವ ದಾರಿಯಲ್ಲಿ ತೊಂದರೆ. ನೆಲದ ಕಕ್ಕಸಿನಲ್ಲಿ ಕೂತರೆ ಏಳಲು ಆಗುತ್ತದೆಯೇ? ಸೊಂಟ, ತೊಡೆಯ ಬಲ ಅಲ್ಲಿ ತಿಳಿಯುತ್ತದೆ. ಅಂಗಿ ಗುಂಡಿ ಹಾಕುವಾಗ, ಸಾರನ್ನ ಕಲಸುವಾಗ ಬೆರಳು ತಡವರಿಸುತ್ತವೆಯೇ? ಅಟ್ಟದ ಡಬ್ಬ ಇಳಿಸಲು ತೋಳು ಏಳುತ್ತದೆಯೇ? ಸ್ಕ್ಯಾನಿನ ಕೋಣೆಗೆ ಹೋಗುವ ಮೊದಲೇ ಅರ್ಧ ನಕ್ಷೆ ಸಿದ್ಧವಾಗಿರುತ್ತದೆ.

ಆಮೇಲೆ ಸುತ್ತಿಗೆ ಹೊರಬಂತು. ಮಂಡಿಚಿಪ್ಪಿನ ಕೆಳಗೆ ಮೆಲ್ಲಗೆ ತಟ್ಟಿದ್ದೇ ತಡ, ಮೇಷ್ಟ್ರ ಕಾಲು ಹಾರಿ ಡಾಕ್ಟರ ಮೇಜಿಗೆ ಬಡಿಯಿತು. ಪಾದವನ್ನು ಅಂಗೈಯಲ್ಲಿ ಹಿಡಿದು ಒಮ್ಮೆಲೇ ಮೇಲಕ್ಕೆ ಒತ್ತಿದಾಗ ಅದು ನಾಲ್ಕೈದು ಸಲ ತಟಪಟ ಕುಣಿದು ನಿಂತಿತು. ಚೀಟಿಯಲ್ಲಿ 3+ ಎಂದು ಬಿತ್ತು. ಈ ಅಂಕಪಟ್ಟಿಯಲ್ಲಿ 0 ಎಂದರೆ ಮಿಸುಕಾಟವೇ ಇಲ್ಲ, 2 ಎಂದರೆ ಸಹಜ, 4 ಎಂದರೆ ಪಾದದ ಕುಣಿತ ನಿಲ್ಲುವುದೇ ಇಲ್ಲ. ಹೆಚ್ಚು ಅಂಕ ಬಂದು ಬೇಸರಪಟ್ಟದ್ದು ಇದೇ ಮೊದಲು ಎಂದು ಮೇಷ್ಟ್ರು ಆಮೇಲೆ ನಕ್ಕರು.

ಕಾಲು ಹಾರುವ ಈ ಕ್ರಿಯೆಗೆ ಹತ್ತನೇ ತರಗತಿಯ ಪಾಠದಲ್ಲಿ ಪರಾವರ್ತಿತ ಕ್ರಿಯೆ ಎಂಬ ಹೆಸರಿದೆ. ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ರಿಫ್ಲೆಕ್ಸ್. ಇದನ್ನು ಮೊದಲು ಬರೆದವರು ಜರ್ಮನಿಯ ಇಬ್ಬರು ವೈದ್ಯರು, ವಿಲ್‌ಹೆಲ್ಮ್ ಎರ್ಬ್ ಮತ್ತು ಕಾರ್ಲ್ ವೆಸ್ಟ್‌ಫಾಲ್. ಇಬ್ಬರ ಲೇಖನವೂ 1875ರಲ್ಲಿ ಒಂದೇ ಪತ್ರಿಕೆಯಲ್ಲಿ ಬಂತು, ಆದರೆ ಒಮ್ಮತವಿರಲಿಲ್ಲ. ಸ್ನಾಯುವನ್ನು ಎಳೆದದ್ದಕ್ಕೆ ಅದು ತಾನೇ ಕುಗ್ಗುತ್ತದೆ, ನರಕ್ಕೆ ಇಲ್ಲಿ ಕೆಲಸವಿಲ್ಲ ಎಂದರು ವೆಸ್ಟ್‌ಫಾಲ್. ಸುದ್ದಿ ಬೆನ್ನುಹುರಿಗೆ ಹೋಗಿ ಮರಳುತ್ತದೆ ಎಂದರು ಎರ್ಬ್. ಗೆದ್ದದ್ದು ಎರ್ಬ್. ತಟ್ಟಿದಾಗ ತೊಡೆಯ ಸ್ನಾಯು ಕೂದಲೆಳೆಯಷ್ಟು ಹಿಗ್ಗುತ್ತದೆ. ಒಳಗಿನ ಅಳತೆಗಾರ ತಂತುಗಳು ಆ ಸುದ್ದಿಯನ್ನು ಬೆನ್ನುಹುರಿಗೆ ಮುಟ್ಟಿಸುತ್ತವೆ. ಅಲ್ಲಿ ಒಂದೇ ಒಂದು ಕೊಂಡಿ ದಾಟಿ ಚಲನ ನರಕೋಶವು "ಕುಗ್ಗು" ಎನ್ನುತ್ತದೆ. ಹೋಗಿ ಬರಲು ಸುಮಾರು 20 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ 50ನೇ ಒಂದು ಭಾಗ ಸಾಕು. ಮೆದುಳಿಗೆ ಸಮಾಚಾರ ಮುಟ್ಟುವ ಹೊತ್ತಿಗೆ ಕಾಲು ಹಾರಿಯಾಗಿರುತ್ತದೆ.

ಹಾಗಾದರೆ ಮೆದುಳಿಗೆ ಇಲ್ಲಿ ಪಾತ್ರವೇ ಇಲ್ಲವೇ? ಇದೆ, ಮೂಗುದಾರ ಹಿಡಿಯುವ ಪಾತ್ರ. ಬೆನ್ನುಹುರಿಯ ಚಲನ ನರಕೋಶ ಬಲವಾದ ಎತ್ತು. ಮುಟ್ಟಿದರೆ ನೆಗೆಯುವುದು ಅದರ ಸ್ವಭಾವ. ಮೆದುಳಿನಿಂದ ಇಳಿದು ಬರುವ ನರಗಳು "ಹೊರಡು" ಎಂದು ಹೇಳುವಷ್ಟೇ ಹೊತ್ತು "ತಾಳು" ಎಂದೂ ಹೇಳುತ್ತಿರುತ್ತವೆ. ಮೇಲಿನ ಚಲನ ನರಕೋಶಗಳ ಈ ದಾರಿ ಎಲ್ಲಿ ತುಂಡಾದರೂ ಮೂಗುದಾರ ಹರಿದಂತೆ: ನಡಿಗೆ ಬಿಗಿಯಾಗುತ್ತದೆ, ರಿಫ್ಲೆಕ್ಸ್ ಚುರುಕಾಗುತ್ತದೆ, ಅಂಗಾಲನ್ನು ಗೀರಿದರೆ ಹೆಬ್ಬೆರಳು ಮೇಲಕ್ಕೇಳುತ್ತದೆ. ಈ ಹೆಬ್ಬೆರಳಿನ ಗುಟ್ಟನ್ನು ಪ್ಯಾರಿಸ್ಸಿನ ಬಾಬಿನ್‌ಸ್ಕಿ 1896ರಲ್ಲಿ ತಿಳಿಸಿದರು. ಬದಲಿಗೆ ಕೆಳಗಿನ ನರಕೋಶ, ಅಂದರೆ ಎತ್ತೇ ಸೊರಗಿದರೆ ಸ್ನಾಯು ಕರಗುತ್ತದೆ, ಚರ್ಮದಡಿ ಹುಳು ಹರಿದಂತೆ ಅದುರುತ್ತದೆ, ರಿಫ್ಲೆಕ್ಸ್ ಮಾಯವಾಗುತ್ತದೆ. ಎತ್ತು ಸೊರಗಿಯೂ ನೆಗೆಯುತ್ತಿದ್ದರೆ, ಬಡಕಲಾದ ಕೈಯಲ್ಲಿ ರಿಫ್ಲೆಕ್ಸ್ ಚುರುಕಾಗಿಯೇ ಉಳಿದಿದ್ದರೆ, ವೈದ್ಯರ ಮುಖ ಗಂಭೀರವಾಗುತ್ತದೆ. ಎಎಲ್‌ಎಸ್ ಎಂಬ, ಜೀವ ತೆಗೆಯುವ ಚಲನ ನರಕೋಶದ ಕಾಯಿಲೆಯ ಗುರುತು ಅದೇ.

ಮೇಷ್ಟ್ರು ಅಲ್ಲಿಗೆ ಬರುವ ಮೊದಲೇ ಮೊಬೈಲಿನಲ್ಲಿ ಆ ಮೂರಕ್ಷರ ಓದಿ, ಎರಡು ವಾರ ನಿದ್ದೆಗೆಟ್ಟಿದ್ದರು. ಪ್ರತಿದಿನ ಕನ್ನಡಿ ಮುಂದೆ ನಾಲಗೆ ಚಾಚಿ ಅದುರುತ್ತಿದೆಯೇ ಎಂದು ನೋಡಿಕೊಳ್ಳುತ್ತಿದ್ದರಂತೆ. ಕಣ್ಣು ಅದುರಿದರೆ ಶಕುನ ಕೇಳುವ ನಾಡಿನಲ್ಲಿ ಅದುರುವಿಕೆಗೆ ಭಯ ಹುಟ್ಟುವುದು ಸುಲಭ. ಆದರೆ ದಣಿವು, ಕಾಫಿ, ನಿದ್ದೆಗೇಡು, ಆತಂಕ ಇವುಗಳಿಂದ ಆರೋಗ್ಯವಂತರ ಸ್ನಾಯುವೂ ಅದುರುತ್ತದೆ. ಬಲ ಕುಂದದೆ, ಸ್ನಾಯು ಕರಗದೆ, ಬರೀ ಅದುರಿದರೆ ಅದು ಹೆಚ್ಚಾಗಿ ನಿರುಪದ್ರವಿ. ಇದೇ ಭಯ ವೈದ್ಯಕೀಯ ವಿದ್ಯಾರ್ಥಿಗಳಿಗೂ, ಎಷ್ಟೋ ಸಲ ವೈದ್ಯರಿಗೂ ಅಂಟಿಕೊಳ್ಳುತ್ತದೆ. ಚುರುಕು ರಿಫ್ಲೆಕ್ಸ್ ಕೂಡ ಹಾಗೆಯೇ. ಎರಡೂ ಕಡೆ ಒಂದೇ ಸಮನಾಗಿ ಚುರುಕಾಗಿದ್ದು, ಹೆಬ್ಬೆರಳು ಕೆಳಮುಖವಾಗಿಯೇ ಮಡಚಿದರೆ ಅದು ಆ ಮನುಷ್ಯನ ಸಹಜ ಸ್ಥಿತಿಯೇ ಇರಬಹುದು. ಥೈರಾಯ್ಡ್ ಹೆಚ್ಚಾದರೂ, ಖಿನ್ನತೆಗೆ ಕೊಡುವ ಕೆಲವು ಔಷಧಗಳಿಂದಲೂ ಮಂಡಿ ನೆಗೆಯುತ್ತದೆ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಕಂಡಾಗ ವೈದ್ಯರು ಕಿವಿ ನಿಮಿರಿಸುತ್ತಾರೆ. ಮೇಷ್ಟ್ರಿಗೆ ಎಡವೇ ಹೆಚ್ಚು.

ವಾಸಿಯಾಗಬಲ್ಲದ್ದನ್ನು ಮೊದಲು ಹುಡುಕುವುದು ಇಲ್ಲಿನ ನ್ಯಾಯ. ಮೂಗುದಾರ ಎಷ್ಟೋ ಸಲ ಹರಿಯುವುದು ಕತ್ತಿನಲ್ಲಿ. ವಯಸ್ಸಾದವರಲ್ಲಿ ಬೆನ್ನುಹುರಿ ಕೆಡಲು ಅತಿ ಸಾಮಾನ್ಯ ಕಾರಣವೇ ಸವೆದ ಕತ್ತಿನ ಮೂಳೆ, ಡಿಸ್ಕು. ನೋವೇ ಇಲ್ಲದೆಯೂ ಅದು ಒತ್ತಬಲ್ಲದು. ಎರಡನೆಯದು ವಿಟಮಿನ್ ಬಿ12. ಹಾಲು ಮೊಸರೂ ಹೆಚ್ಚಿಲ್ಲದ ಸಸ್ಯಾಹಾರಿ ತಟ್ಟೆಯಲ್ಲಿ ಇದರ ಕೊರತೆ ಅಪರೂಪವಲ್ಲ. ಇದು ಬೆನ್ನುಹುರಿಯನ್ನೂ ಕೈಕಾಲಿನ ನರಗಳನ್ನೂ ಒಟ್ಟಿಗೆ ಕೆಡಿಸುವುದರಿಂದ ಮಂಡಿಯಲ್ಲಿ ಚುರುಕು, ಹಿಮ್ಮಡಿಯಲ್ಲಿ ಶೂನ್ಯ ಎಂಬ ವಿಚಿತ್ರ ಜೋಡಿ ಕಾಣಬಹುದು. ಬೇಗ ತಿಳಿದರೆ ಇಂಜೆಕ್ಷನ್ನಿಗೆ ಬಗ್ಗುತ್ತದೆ, ತಡವಾದರೆ ಪೂರ್ತಿ ಮರಳುವುದಿಲ್ಲ.

"ಎಲ್ಲೆಲ್ಲಿ ಕೆಲಸ ಮಾಡಿದ್ದೀರಿ? ಅಲ್ಲಿ ಯಾವ ನೀರು?" ಎಂದೂ ಡಾಕ್ಟರು ಕೇಳಿದರು. ಪಾವಗಡದಲ್ಲಿ ಹನ್ನೊಂದು ವರ್ಷ, ಬೋರ್‌ವೆಲ್ ನೀರು. ಆ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಎಷ್ಟಿದೆ ಎಂಬುದನ್ನು ಊರವರ ಹಲ್ಲಿನ ಕಂದು ಕಲೆಗಳೇ ಹೇಳುತ್ತವೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ದಶಕಗಟ್ಟಲೆ ಕುಡಿದರೆ ಹಲ್ಲಿನ ಜೊತೆಗೆ ಮೂಳೆಯ ಲೆಕ್ಕವೂ ತಪ್ಪುತ್ತದೆ: ಬೆನ್ನುಮೂಳೆ ದಪ್ಪವಾಗಿ, ಕಟ್ಟುನಾರುಗಳು ಕಲ್ಲಾಗಿ, ಹುರಿಯ ಕೊಳವೆ ಕಿರಿದಾಗುತ್ತದೆ. ಈಗ ಆಂಧ್ರದಲ್ಲಿರುವ ನೆಲ್ಲೂರು ಜಿಲ್ಲೆಯಿಂದ 1937ರಲ್ಲೇ ಇಂಥ ರೋಗಿಗಳ ವರದಿ ಬಂದಿತ್ತು. ಹೊಸದಾಗಿ ಪರಿಚಯವಾದವರನ್ನು "ನಿಮ್ಮ ಊರಿನ ನೀರು ಹೇಗೆ" ಎಂದು ಕೇಳುವ ನಮ್ಮ ಹಿರಿಯರ ಚಾಳಿ ಕಾಟಾಚಾರದ್ದಲ್ಲ ಎಂದು ನನಗೆ ಆಗ ಅನ್ನಿಸಿತು.

ಚಲನ ನರಕೋಶದ ಕಾಯಿಲೆಗಳ ವಿಷಯದಲ್ಲಿ ದಕ್ಷಿಣ ಭಾರತಕ್ಕೆ ತನ್ನದೇ ಇತಿಹಾಸವಿದೆ. ಎಳೆಯ ವಯಸ್ಸಿನಲ್ಲಿ ಶುರುವಾಗಿ ಕಿವುಡುತನವನ್ನೂ ತಂದು, ನಿಧಾನವಾಗಿ ಮುಂದುವರಿಯುವ ಒಂದು ಬಗೆಯನ್ನು ಮದ್ರಾಸಿನ ವೈದ್ಯರು 1970ರಲ್ಲಿ ವರ್ಣಿಸಿದರು. ಅದಕ್ಕೆ ಆ ಊರಿನ ಹೆಸರೇ ನಿಂತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು 1984ರಲ್ಲಿ, ಒಂದೇ ಕೈ ಅಥವಾ ಒಂದೇ ಕಾಲು ಸೊರಗಿ, ಆ ಸೊರಗುವಿಕೆ ಕೆಲವು ವರ್ಷಗಳಲ್ಲಿ ತಾನಾಗಿ ನಿಂತುಬಿಡುವ ಯುವಕರನ್ನು ಕುರಿತು ಬರೆದರು. ಶುರುವಾದಾಗ ಎಎಲ್‌ಎಸ್ಸಿನಂತೆಯೇ ಕಾಣುವ ಆದರೆ ಜೀವ ತೆಗೆಯದ ಕಾಯಿಲೆಗಳಿವೆ ಎಂಬುದು ನಮ್ಮವರು ಹಾಸಿಗೆಯ ಪಕ್ಕದಲ್ಲಿ ಕೂತು ಕಂಡುಕೊಂಡ ಸತ್ಯ.

ಮೇಷ್ಟ್ರ ಫೈಲು ದಪ್ಪವಾಯಿತು. ಕತ್ತಿನಲ್ಲಿ ಅಲ್ಪಸ್ವಲ್ಪ ಸವೆತ, ಹುರಿಗೆ ಒತ್ತಡವಿಲ್ಲ. ಬಿ12, ತಾಮ್ರ, ಥೈರಾಯ್ಡ್ ಸರಿ. ಮೂಳೆಯಲ್ಲಿ ಫ್ಲೋರೈಡಿನ ಗುರುತಿಲ್ಲ. ಸ್ನಾಯುವಿಗೆ ಸೂಜಿ ಚುಚ್ಚಿ ವಿದ್ಯುತ್ತಿನ ಸದ್ದು ಕೇಳುವ ಇಎಂಜಿ ಪರೀಕ್ಷೆಯಲ್ಲಿ ಕೆಳಗಿನ ನರಕೋಶಗಳೂ ಗಟ್ಟಿ. ಹಾಗಾದರೆ ಇದೇನು? "ಆರು ತಿಂಗಳು ಬಿಟ್ಟು ಬನ್ನಿ."

ಹೊರಗೆ ಬಂದು ಮೇಷ್ಟ್ರು ಸಿಡಿದರು. ಇಷ್ಟು ಖರ್ಚು ಮಾಡಿಸಿ ಹೆಸರೂ ಹೇಳಲಿಲ್ಲವಲ್ಲ! ನನಗೂ ಹಾಗೇ ಅನ್ನಿಸಿತ್ತು. ಆಮೇಲೆ ಓದುತ್ತಾ ಹೋದಂತೆ ನನ್ನ ಅಭಿಪ್ರಾಯ ಬದಲಾಯಿತು. ಚಲನ ನರಕೋಶದ ಕಾಯಿಲೆಗಳಲ್ಲಿ ಕಾಯುವುದೂ ಒಂದು ಪರೀಕ್ಷೆ, ಅದನ್ನು ಬೇರೆ ಯಂತ್ರ ಮಾಡಲಾರದು. ಇವುಗಳಲ್ಲಿ ಹೆಚ್ಚಿನವುಗಳಿಗೆ "ಹೌದು" ಎನ್ನುವ ಒಂದೇ ರಕ್ತಪರೀಕ್ಷೆ ಇಲ್ಲ. ಮೇಲಿನ ನರಕೋಶಗಳಷ್ಟೇ ಕೆಡುವ ಪಿಎಲ್‌ಎಸ್ ಎಂಬ ನಿಧಾನದ ಕಾಯಿಲೆಯನ್ನೇ ನೋಡಿ. 2020ರಲ್ಲಿ ತಜ್ಞರು ಒಪ್ಪಿದ ಮಾನದಂಡದಂತೆ ಎರಡು ವರ್ಷ ತುಂಬಿದ ಮೇಲೆ "ಬಹುಶಃ ಹೌದು" ಎನ್ನಬಹುದು, "ಖಂಡಿತ" ಎನ್ನಲು ನಾಲ್ಕು ವರ್ಷ ಬೇಕು. ಅಷ್ಟರೊಳಗೆ ಕೆಳಗಿನ ನರಕೋಶಗಳೂ ಸೊರಗಿದರೆ ಅದು ಎಎಲ್‌ಎಸ್ ಆಗಿಬಿಡುತ್ತದೆ. ಅಂದರೆ ಮೊದಲ ವರ್ಷ ಸರಿಯಾದ ಉತ್ತರ ಯಾರ ಬಳಿಯೂ ಇರುವುದಿಲ್ಲ. ಇದರ ಇನ್ನೊಂದು ಮುಖವೂ ಇದೆ. ಸ್ಪೇನಿನ ಎಲ್ ಎಸ್ಕೋರಿಯಲ್ ಊರಿನ ಹೆಸರಿನ, 1994ರ ಎಎಲ್‌ಎಸ್ ಮಾನದಂಡ "ಶಂಕೆ", "ಸಾಧ್ಯ", "ಸಂಭವನೀಯ", "ಖಚಿತ" ಎಂದು ಮೆಟ್ಟಿಲು ಕಟ್ಟಿತ್ತು. ಕೆಲವು ರೋಗಿಗಳು "ಸಾಧ್ಯ" ಎಂಬ ಮೆಟ್ಟಿಲಲ್ಲೇ ತೀರಿಕೊಂಡರು. 2020ರ ಗೋಲ್ಡ್ ಕೋಸ್ಟ್ ಮಾನದಂಡ ಆ ಮೆಟ್ಟಿಲುಗಳನ್ನೇ ಕಿತ್ತುಹಾಕಿತು. ಎಚ್ಚರ ಒಳ್ಳೆಯದೇ, ಆದರೆ ಅತಿ ಎಚ್ಚರಕ್ಕೂ ಬೆಲೆ ತೆರುವವರು ರೋಗಿಗಳು.

ಈ ಮಾತು ಬಂದಾಗಲೆಲ್ಲ ಯಾರಾದರೂ ಇದೇ ಎಎಲ್‌ಎಸ್ ಇದ್ದ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಹೆಸರೆತ್ತಿ ಧೈರ್ಯ ಹೇಳುತ್ತಾರೆ. 1963ರಲ್ಲಿ ರೋಗ ತಿಳಿದ ಅವರು 2018ರವರೆಗೆ ಬದುಕಿದರು ನಿಜ, ಅದು ಅಪರೂಪದಲ್ಲಿ ಅಪರೂಪ. ಹೆಸರಿಲ್ಲದ ಕಾಯಿಲೆಯವರಿಗೆ ಆ ಧೈರ್ಯವೂ ಹೊಂದುವುದಿಲ್ಲ, ಆ ಭಯವೂ ಹೊಂದುವುದಿಲ್ಲ.

ಹೆಸರು ಸಿಗುವವರೆಗೂ ಪಾಠ ಮಾಡಬೇಕಲ್ಲ. ಮೊದಲು ಕೈಕೊಟ್ಟದ್ದು ಕಾರು. ಸಿಗ್ನಲ್ಲಿನಲ್ಲಿ ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದರೆ ಎಡಗಾಲು ಹೊಲಿಗೆ ಯಂತ್ರದಂತೆ ಪಟಪಟ ಕುಣಿಯುತ್ತಿತ್ತು. ಡಾಕ್ಟರ ಅಂಗೈಯಲ್ಲಿ ಆದದ್ದೇ ಇಲ್ಲೂ ಆಗುವುದು: ಪೆಡಲ್ ಮೇಲೆ ಪಾದ ಮಡಿದಾಗ ಮೀನಖಂಡ ಹಿಗ್ಗುತ್ತದೆ, ರಿಫ್ಲೆಕ್ಸ್ ಅದನ್ನು ಕುಗ್ಗಿಸುತ್ತದೆ, ಸಡಿಲಾದ ಕೂಡಲೆ ಮತ್ತೆ ಹಿಗ್ಗುತ್ತದೆ, ಸೆಕೆಂಡಿಗೆ ಐದಾರು ಸಲ. ಕುರ್ಚಿಯಲ್ಲಿ ಕೂತಾಗ ಹೀಗಾದರೆ ಹಿಮ್ಮಡಿಯನ್ನು ನೆಲಕ್ಕೆ ಗಟ್ಟಿಯಾಗಿ ಊರಿದರೆ ಸಾಕು. ಟ್ರಾಫಿಕ್ಕಿನಲ್ಲಿ ಆ ಅವಕಾಶವಿಲ್ಲ. ಮೇಷ್ಟ್ರು ಕಾರು ಬಿಟ್ಟು ಬಸ್ಸು ಹಿಡಿದರು. ಬಸ್ಸಿನಲ್ಲೂ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಇಳಿಯುವಾಗ ಸ್ನಾಯು ಹಿಗ್ಗುತ್ತಲೇ ಭಾರ ಹೊರಬೇಕು. ಬಿಗಿದ ಕಾಲು ಹಿಗ್ಗಲು ಒಪ್ಪುವುದಿಲ್ಲ.

ಶಾಲೆಯ ಗಂಟೆ ಬಾರಿಸಿದರೆ ಇಡೀ ಮೈ ಬೆಚ್ಚಿಬೀಳುವುದು ಮಕ್ಕಳಿಗೆ ಕೆಲ ದಿನ ತಮಾಷೆಯಾಯಿತು. ಮನೆಯಲ್ಲಿ ಕುಕ್ಕರ್ ಸೀಟಿಗೂ ಅದೇ ಕಥೆ. ಚಳಿಯ ಬೆಳಗ್ಗೆ ಕಾಲು ಕೊರಡು. ಇನ್ನೊಂದನ್ನು ಅವರು ತಾವೇ ಗಮನಿಸಿದರು, ವಿಜ್ಞಾನವೂ ಅದನ್ನು ಒಪ್ಪುತ್ತದೆ: ಮೂತ್ರ ತಡೆದುಕೊಂಡ ದಿನ, ಮಲಬದ್ಧತೆಯಾದ ದಿನ, ಬೂಟು ಕಚ್ಚಿದ ದಿನ ಬಿಗಿತ ಹೆಚ್ಚು. ಒಳಗಿನ ಯಾವ ಕಿರಿಕಿರಿಯಾದರೂ ಬೆನ್ನುಹುರಿಗೆ ತಟ್ಟಿದ ಸುತ್ತಿಗೆಯೇ. ಹಾಗಾಗಿ ಎರಡು ಪೀರಿಯಡ್‌ಗೊಮ್ಮೆ ಶೌಚಾಲಯಕ್ಕೆ ಹೋಗುವುದು ಅವರ ವೇಳಾಪಟ್ಟಿಗೆ ಸೇರಿತು. ಬೋರ್ಡಿನ ಮುಂದೆ ನಿಂತು ಹೇಳಬೇಕಾದ ರೇಖಾಗಣಿತ ಬೆಳಗ್ಗೆಗೆ, ಕೂತು ತಿದ್ದುವ ನೋಟ್‌ಬುಕ್ಕು ಮಧ್ಯಾಹ್ನಕ್ಕೆ.

ಬಿಗಿತಕ್ಕೆ ಬ್ಯಾಕ್ಲೋಫೆನ್ ಮಾತ್ರೆ ಕೊಟ್ಟರು. ಎರಡನೆಯ ವಾರ ಡೋಸು ಏರಿಸಿದಾಗ ಮೇಷ್ಟ್ರು ಮೆಟ್ಟಿಲಲ್ಲಿ ಕುಸಿದರು. ಬಲ ಕುಂದಿದ ಕಾಲನ್ನು ನೆಟ್ಟಗೆ ನಿಲ್ಲಿಸಿದ್ದು ಆ ಬಿಗಿತವೇ, ಅದನ್ನು ಪೂರ್ತಿ ಕಳೆದರೆ ಊರುಗೋಲನ್ನೇ ಕಸಿದಂತೆ. ಈಗ ರಾತ್ರಿ ಮಾತ್ರ, ಅದೂ ಕಡಿಮೆ. ತಾವಾಗಿ ಒಮ್ಮೆಲೇ ನಿಲ್ಲಿಸಕೂಡದ ಮಾತ್ರೆ ಇದು, ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ.

ಕಚೇರಿಯ ಕಾಗದಗಳಿಗೆ ಮಾತ್ರ ಹೆಸರು ಬೇಕೇ ಬೇಕು. ರಜೆ ಅರ್ಜಿಯ "ಕಾಯಿಲೆ" ಎಂಬ ಜಾಗದಲ್ಲಿ "ಇನ್ನೂ ನೋಡುತ್ತಿದ್ದಾರೆ" ಎಂದು ಬರೆದರೆ ನಡೆಯುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸುವ 21 ವಿಧಗಳಲ್ಲಿ ದೀರ್ಘಕಾಲದ ನರಸಂಬಂಧಿ ತೊಂದರೆಗಳೂ ಸೇರಿವೆ, ಮೀಸಲಾತಿಯಂಥ ಸೌಲಭ್ಯಕ್ಕೆ ವೈಕಲ್ಯ ಶೇ. 40 ಮುಟ್ಟಬೇಕು. ಸೇವೆಯಲ್ಲಿರುವಾಗ ವೈಕಲ್ಯ ಬಂತೆಂದು ಸರ್ಕಾರಿ ನೌಕರರನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ ಎಂದು ಅದರ 20ನೇ ಸೆಕ್ಷನ್ ಹೇಳುತ್ತದೆ. ಮೇಷ್ಟ್ರು ಅದರ ಒಂದು ಪ್ರತಿಯನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಾರೆ, ಇನ್ನೂ ಯಾರಿಗೂ ತೋರಿಸಬೇಕಾಗಿ ಬಂದಿಲ್ಲ.

ನಾಲಗೆ ನೋಡಿಕೊಳ್ಳುವುದನ್ನು ಈಗ ಬಿಟ್ಟಿದ್ದಾರೆ. ಬದಲಿಗೆ ತಿಂಗಳ ಮೊದಲ ಭಾನುವಾರ ಮಗಳು ಒಂದು ವೀಡಿಯೊ ತೆಗೆಯುತ್ತಾಳೆ: ಅದೇ ಪಡಸಾಲೆ, ಅದೇ ದೂರ, ಅಪ್ಪ ನಡೆದು ತಿರುಗಿ ಬರುವುದು, ಕುರ್ಚಿಯಿಂದ ಐದು ಸಲ ಎದ್ದು ಕೂರುವುದು, ಎಷ್ಟು ಸೆಕೆಂಡ್ ಎಂದು ನೋಟ್‌ಬುಕ್ಕಿನಲ್ಲಿ ಬರೆಯುವುದು. ದಿನದಿನದ ಏರಿಳಿತ ಬರೀ ಗದ್ದಲ. ತಿಂಗಳ ಲೆಕ್ಕದಲ್ಲಿ ಗೆರೆ ಕಾಣುತ್ತದೆ. ಗಣಿತದ ಮೇಷ್ಟ್ರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಹೋದ ತಿಂಗಳು ಮತ್ತೆ ಹೋಗಿದ್ದೆವು, ಇದು ಐದನೆಯ ಸಲ. ಡಾಕ್ಟರು ವೀಡಿಯೊಗಳನ್ನು ಒಂದರ ಹಿಂದೊಂದು ನೋಡಿದರು. ಮಂಡಿ ತಟ್ಟಿದರು, 3+. ಇಎಂಜಿ ಮತ್ತೆ ಮಾಡಿಸಿದರು, ಕೆಳಗಿನ ನರಕೋಶಗಳು ಈಗಲೂ ಗಟ್ಟಿ. ಆಮೇಲೆ ಹಳೆಯ ಪ್ರಶ್ನೆ.

"ಚಪ್ಪಲಿ ಜಾರುತ್ತಾ ಮೇಷ್ಟ್ರೇ?"

"ಇಲ್ಲ ಸಾರ್," ಮೇಷ್ಟ್ರು ಹೆಮ್ಮೆಯಿಂದ ಕಾಲು ಮುಂದೆ ಮಾಡಿದರು. "ಹಿಂದೆ ಪಟ್ಟಿ ಇರೋದು ತಗೊಂಡಿದೀನಿ."

ಡಾಕ್ಟರು ಬಗ್ಗಿ ಚಪ್ಪಲಿಯನ್ನು ನೋಡಿದರು, ನಕ್ಕರು, ಬಾಗಿಲ ಬಳಿ ಬಿಟ್ಟಿದ್ದ ತಮ್ಮ ಹವಾಯಿ ಚಪ್ಪಲಿಯ ಕಡೆ ಕೈ ತೋರಿಸಿದರು.

"ಅದನ್ನ ಹಾಕ್ಕೊಂಡು ಆ ಗೋಡೆ ತನಕ ಒಂದ್ಸಲ ಹೋಗ್ಬನ್ನಿ, ನೋಡೋಣ."