ಐಹೊಳೆ: ಗುಡಿಯೊಳಗಿದ್ದವರು ಬೇಲಿಯ ಹೊರಗಾದ ಬಗೆ

ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ ಬಡಿಗೇರ ಗುಡಿ ಇದೆ, ಅಂಬಿಗೇರ ಗುಡಿ ಇದೆ, ಗೌಡರ ಗುಡಿಯೂ ಇದೆ. ಇವು ದೇವರ ಹೆಸರಲ್ಲ, ಊರಿನ ಜನರ ಹೆಸರು. ಲಾಡ್ ಖಾನ್ ಗುಡಿಗಂತೂ ಒಳಗೇ ವಾಸವಿದ್ದ ಮುಸ್ಲಿಂ ವ್ಯಕ್ತಿಯ ಹೆಸರೇ ನಿಂತುಬಿಟ್ಟಿದೆ. ಚಾಲುಕ್ಯರ ಕಾಲ ಮುಗಿದ ಮೇಲೆ ಗುಡಿಗಳ ನಡುವೆಯೇ ಊರು ಬೆಳೆಯಿತು. ಕಲ್ಲಿನ ಗೋಡೆ, ಮೇಲೆ ಚಪ್ಪಡಿ. ಬಿಸಿಲ ನಾಡಿನಲ್ಲಿ ಇದಕ್ಕಿಂತ ತಂಪಾದ ಮನೆ ಎಲ್ಲಿ ಸಿಗಬೇಕು?

1850ರ ದಶಕದಲ್ಲಿ ಥಾಮಸ್ ಬಿಗ್ಸ್ ಎಂಬ ಬ್ರಿಟಿಷ್ ಅಧಿಕಾರಿ ಈ ಗುಡಿಗಳ ಫೋಟೋ ತೆಗೆದ. ಆಮೇಲೆ ಪುರಾತತ್ವದವರು ಬಂದರು. ಮನೆಯಾಗಿದ್ದದ್ದು ಸ್ಮಾರಕವಾಯಿತು. ಒಳಗಿದ್ದವರು ಹೊರಗೆ ಬಂದರು, ಬೇಲಿ ಬಂತು, ಹುಲ್ಲುಹಾಸು ಬಂತು, ಟಿಕೆಟ್ ಕೌಂಟರ್ ಬಂತು.

ಗುಡಿ ಉಳಿಯಿತು ಅನ್ನೋದು ನಿಜ. ಆದರೆ ನಿಯಮ ಬಿಗಿಯಾಗುತ್ತಾ ಹೋಯಿತು. ಪ್ರಾಚೀನ ಸ್ಮಾರಕಗಳನ್ನು ಕಾಯುವ 1958ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾಗಿ, ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ ಎಂದಾಯಿತು. ಅದರಾಚೆಯ 200 ಮೀಟರಿನಲ್ಲಿ ಕಟ್ಟಬೇಕಾದರೆ ಅನುಮತಿ ಬೇಕು. ನೂರಕ್ಕೂ ಹೆಚ್ಚು ಗುಡಿಗಳಿರುವ ಊರಲ್ಲಿ ಒಂದೊಂದು ಸಂರಕ್ಷಿತ ಗುಡಿಯಿಂದಲೂ ಇಷ್ಟಿಷ್ಟು ಅಂತರ ಅಳೆದರೆ ಉಳಿಯೋದೆಷ್ಟು? ಸುತ್ತ ನೀರಿಲ್ಲ ಅಷ್ಟೇ, ಐಹೊಳೆ ಒಂಥರಾ ದ್ವೀಪವೇ. ಮಗನಿಗೆ ಮದುವೆಯಾಯಿತು, ಒಂದು ಕೋಣೆ ಜಾಸ್ತಿ ಬೇಕು ಅಂದರೂ ಕಾಗದ ಹಿಡಿದು ಅಲೆಯಬೇಕು.

ಪಕ್ಕದ ಪಟ್ಟದಕಲ್ಲಿನ ಕತೆ ತುಸು ಬೇರೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದರೂ ಅಲ್ಲಿನ ವಿರೂಪಾಕ್ಷನಿಗೆ ಇಂದಿಗೂ ಪೂಜೆ ನಡೆಯುತ್ತದೆ. ಊರವರು ಕಾಯಿ, ಹೂವು ಹಿಡಿದು ಒಳಗೆ ಹೋಗುತ್ತಾರೆ. ಐಹೊಳೆಯ ಹೆಚ್ಚಿನ ಗುಡಿಗಳಲ್ಲಿ ಪೂಜೆಯೇ ಇಲ್ಲ. ಅಲ್ಲಿ ಊರವನೂ ಪ್ರವಾಸಿಯ ಹಾಗೇ ನಿಂತು ನೋಡಬೇಕು. ನನ್ನ ಪ್ರಕಾರ ದೊಡ್ಡ ನಷ್ಟ ಇದೇ, ಜಾಗ ಹೋದದ್ದಲ್ಲ.

ದುಡ್ಡಾದರೂ ಬಂತಾ? ಪ್ರವಾಸಿಗಳು ಹೆಚ್ಚಾಗಿ ಬಾದಾಮಿಯಲ್ಲಿ ಉಳಿಯುತ್ತಾರೆ, ಊಟವೂ ಅಲ್ಲೇ. ಬಾದಾಮಿ ಬಳಿಯ ಬನಶಂಕರಿ ಗುಡಿ ಹತ್ತಿರ ಬುಟ್ಟಿ ಇಟ್ಟು ಕೂತ ಹೆಂಗಸರು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸಿ ನಾಲ್ಕು ಕಾಸು ನೋಡುತ್ತಾರೆ. ಐಹೊಳೆಗೆ ಕಾರು ಬರುತ್ತದೆ, ದುರ್ಗ ಗುಡಿಯ ಮುಂದೆ ಸೆಲ್ಫಿ ಆಗುತ್ತದೆ, ಕಾರು ಹೋಗುತ್ತದೆ.

ಊರನ್ನೇ ಸ್ಥಳಾಂತರಿಸುವ ಮಾತು ಎಷ್ಟೋ ವರ್ಷಗಳಿಂದ ಇದೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆಗಳನ್ನು ಬಿಟ್ಟುಕೊಟ್ಟು ನವನಗರಕ್ಕೆ ಹೋದ ಜಿಲ್ಲೆ ಇದು. ಹೊಸ ಮನೆ ಅಂದರೇನು ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹೋಗೋದಾದರೆ ಹೊಲ ಎಷ್ಟು ದೂರವಾಗುತ್ತದೆ, ದನ ಎಲ್ಲಿ ಕಟ್ಟೋದು, ಎಲ್ಲರನ್ನೂ ಒಂದೇ ಸಲ ಕಳಿಸುತ್ತಾರಾ ಇಲ್ಲವಾ? ಪರಿಹಾರದ ಮೊತ್ತಕ್ಕಿಂತ ಮೊದಲು ಇತ್ಯರ್ಥ ಆಗಬೇಕಾದದ್ದು ಇವು.