ನೋವಿನ ಮಾತ್ರೆ: ಹೊಟ್ಟೆಯಿಂದ ಹೃದಯಕ್ಕೆ ಸರಿದ ಭಯ

ಮಂಡಿನೋವು ಅಂತ ಮೂರು ಕ್ಲಿನಿಕ್‌ಗೆ ಹೋಗಿ, ಮೂರು ಬೇರೆ ಬೇರೆ ಮಾತ್ರೆ ಸಿಕ್ಕರೆ ಆಶ್ಚರ್ಯವಿಲ್ಲ. ಒಬ್ಬರು ಡೈಕ್ಲೋಫೆನಾಕ್, ಇನ್ನೊಬ್ಬರು ಅಸೆಕ್ಲೋಫೆನಾಕ್ ಜೊತೆ ಪ್ಯಾರಾಸಿಟಮಾಲ್, ಮತ್ತೊಬ್ಬರು ಇಟೊರಿಕಾಕ್ಸಿಬ್ ಬರೆಯುತ್ತಾರೆ. ವೈದ್ಯರು ಓದಿದ ಕಾಲದಲ್ಲಿ ಯಾವ ಅಪಾಯ ಸುದ್ದಿಯಲ್ಲಿತ್ತೋ, ಅದರ ನೆರಳು ಚೀಟಿಯ ಮೇಲೂ ಬೀಳುತ್ತದೆ ಅನಿಸುತ್ತದೆ.

1899ರಲ್ಲಿ ಆಸ್ಪಿರಿನ್ ಬಂತು, 60ರ ದಶಕದಲ್ಲಿ ಐಬುಪ್ರೊಫೆನ್, 70ರ ದಶಕದಲ್ಲಿ ಡೈಕ್ಲೋಫೆನಾಕ್. ಇಂಥ ಮಾತ್ರೆಗಳು ದೇಹದಲ್ಲಿ ಪ್ರೊಸ್ಟಾಗ್ಲ್ಯಾಂಡಿನ್ ಎಂಬ ರಾಸಾಯನಿಕ ತಯಾರಾಗುವುದನ್ನು ತಡೆಯುತ್ತವೆ ಎಂದು 1971ರಲ್ಲಿ ಬ್ರಿಟನ್ನಿನ ಔಷಧ ವಿಜ್ಞಾನಿ ಜಾನ್ ವೇನ್ ತೋರಿಸಿದರು. ನೋವು, ಊತ ತರುವುದು ಅದೇ. ಹೊಟ್ಟೆಯ ಒಳಪದರ ಕಾಯುವುದೂ, ಕಿಡ್ನಿಗೆ ರಕ್ತ ಸರಿಯಾಗಿ ಹರಿಯಲು ನೆರವಾಗುವುದೂ ಅದೇ. ಹಾಗಾಗಿ ನೋವಿನ ಮಾತ್ರೆ ಎಂದರೆ ಅಲ್ಸರ್ ಭಯ ಇದ್ದೇ ಇತ್ತು.

1999ರಲ್ಲಿ ಹೊಟ್ಟೆಗೆ ಹಾನಿ ಕಡಿಮೆ ಮಾಡಲೆಂದೇ ರೂಪಿಸಿದ ಸೆಲೆಕಾಕ್ಸಿಬ್, ರೋಫೆಕಾಕ್ಸಿಬ್ ಬಂದಾಗ ಆ ಭಯ ಮುಗಿಯಿತು ಅಂದುಕೊಂಡರು. ಮರುವರ್ಷವೇ ಹೊರಬಂದ ದೊಡ್ಡ ಅಧ್ಯಯನದಲ್ಲಿ ರೋಫೆಕಾಕ್ಸಿಬ್‌ನಿಂದ ಹೊಟ್ಟೆಯ ತೊಂದರೆ ಕಡಿಮೆಯಾಗಿತ್ತು, ಹೃದಯಾಘಾತ ಮಾತ್ರ ಜಾಸ್ತಿ ಕಂಡಿತು. ಅದರೊಂದಿಗೆ ಹೋಲಿಸಿದ ಹಳೆಯ ನೋವಿನ ಮಾತ್ರೆ ನ್ಯಾಪ್ರೋಕ್ಸೆನ್ ಹೃದಯವನ್ನು ಕಾಪಾಡಿರಬಹುದು ಎಂಬ ವಿವರಣೆ ಬಂತು. ನಂಬಲು ಅನುಕೂಲವಾದ ವಿವರಣೆ, ಅಲ್ವಾ? ಆಮೇಲೆ ಔಷಧವಿಲ್ಲದ ಹುಸಿ ಮಾತ್ರೆಯೊಂದಿಗೆ ಹೋಲಿಸಿದ ಅಧ್ಯಯನದಲ್ಲೂ ಅದೇ ಅಪಾಯ ಕಂಡಿತು. 2004ರ ಸೆಪ್ಟೆಂಬರ್‌ನಲ್ಲಿ ರೋಫೆಕಾಕ್ಸಿಬ್ ಅನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಂಡರು, ಅದೇ ವರ್ಷಾಂತ್ಯಕ್ಕೆ ಭಾರತವೂ ನಿಷೇಧಿಸಿತು. ಅದುವರೆಗೆ ಐದು ವರ್ಷ ಜನ ಅದನ್ನು ನುಂಗಿದ್ದರು. ಕೊನೆಗೆ ಹಳೆಯ ಡೈಕ್ಲೋಫೆನಾಕ್‌ನಲ್ಲೂ ಅಂಥದ್ದೇ ಅಪಾಯವಿದೆ ಎಂದು ಗೊತ್ತಾಯಿತು. ಹೃದ್ರೋಗಿಗಳಿಗೆ ಅದು ಬೇಡ ಎಂದು ಯುರೋಪ್ 2013ರಲ್ಲಿ ಹೇಳಿತು.

ಇನ್ನೊಂದು ನೋವಿನ ಮಾತ್ರೆ ನಿಮೆಸುಲೈಡ್‌ನದು ಲಿವರ್‌ಗೆ ಹಾನಿಯ ಕಥೆ. ಫಿನ್ಲೆಂಡ್, ಸ್ಪೇನ್ 2002ರಲ್ಲೇ ನಿಲ್ಲಿಸಿದವು. ನಮ್ಮಲ್ಲಿ ಮಕ್ಕಳ ಜ್ವರಕ್ಕೂ ಕೊಡುತ್ತಿದ್ದ ಅದನ್ನು 12 ವರ್ಷದೊಳಗಿನವರಿಗೆ ನಿಷೇಧಿಸಿದ್ದು 2011ರಲ್ಲಿ.

ಈಗ ಚೀಟಿಯಲ್ಲಿ ನೋವಿನ ಮಾತ್ರೆ ಜೊತೆ ಒಂದು ಗ್ಯಾಸ್ ಮಾತ್ರೆ ಇರುವುದು ಮಾಮೂಲು. ಅದು ಹೊಟ್ಟೆ ಕಾಯುತ್ತದೆ, ಕಿಡ್ನಿಯನ್ನಲ್ಲ, ಹೃದಯವನ್ನೂ ಅಲ್ಲ. ಬಿಪಿಗೆ ಟೆಲ್ಮಿಸಾರ್ಟಾನ್, ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುವ ವಯಸ್ಸಾದವರಿಗೆ ನೋವಿನ ಮಾತ್ರೆಯೂ ಸೇರಿದರೆ ಕಿಡ್ನಿ ದಿಢೀರ್ ಕೈಕೊಡಬಹುದು. ಬಿಪಿ ಮಾತ್ರೆ ಬರೆದವರು ಒಬ್ಬರು, ನೋವಿನ ಮಾತ್ರೆ ಬರೆದವರು ಇನ್ನೊಬ್ಬರು ಆದಾಗ ಈ ಮೂರೂ ಒಂದೇ ಚೀಟಿಯಲ್ಲಿ ಕಾಣುವುದೇ ಇಲ್ಲ. ಅದರ ಮೇಲೆ, ಐದು ದಿನಕ್ಕೆ ಬರೆದ ಚೀಟಿ ತೋರಿಸಿ ಮೆಡಿಕಲ್ ಶಾಪ್‌ನಲ್ಲಿ ತಿಂಗಳುಗಟ್ಟಲೆ ಮಾತ್ರೆ ಕೊಳ್ಳುವುದಂತೂ ನಡೆದೇ ಇದೆ.