ಬಿಳಿ ಪರದೆಯ ಹಳದಿ ಮೂಲೆ

ದಾವಣಗೆರೆಯ ಜವಳಿ ಅಂಗಡಿಗಳಲ್ಲಿ ಸೀರೆ ಆರಿಸುವವರನ್ನು ನೋಡಿ. ಅಂಗಡಿಯೊಳಗೆ ಎಷ್ಟೇ ಟ್ಯೂಬ್‌ಲೈಟ್ ಉರಿಯುತ್ತಿರಲಿ, ಕೊನೆಗೆ ಸೆರಗನ್ನು ಬಾಗಿಲ ಹತ್ತಿರ ತಂದು ಹಗಲ ಬೆಳಕಿಗೆ ಹಿಡಿದ ಮೇಲೆಯೇ ಬಣ್ಣ ಒಪ್ಪುತ್ತಾರೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಾಗಿ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡ ಊರಿದು. ಒಂದೇ ಬಣ್ಣದ ಎರಡು ಥಾನುಗಳಲ್ಲಿ ಶೇಡು ಚೂರು ಆಚೀಚೆಯಾದರೂ ಇಲ್ಲಿಯವರ ಕಣ್ಣಿಗೆ ಬೀಳುತ್ತದೆ, ವ್ಯಾಪಾರಿಯೂ ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತಾನೆ. ಅದೇ ಕಣ್ಣು ಹೊಸ ಕಂಪ್ಯೂಟರಿನ ಪರದೆಯಲ್ಲಿ ಅಂಥದೇ ವ್ಯತ್ಯಾಸ ಕಂಡುಹಿಡಿದರೆ ಮಾತ್ರ ನಂಬುವವರು ಕಡಿಮೆ.

ಮದುವೆ ಸೀಸನ್ ಶುರುವಾಗುವ ಹೊತ್ತಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. ಲಗ್ನಪತ್ರಿಕೆ, ಮದುವೆ ಆಲ್ಬಂ ವಿನ್ಯಾಸ ಮಾಡಿ ಜೀವನ ನಡೆಸುವ ಹುಡುಗ. ಸಾಲ ಮಾಡಿ 24 ಇಂಚಿನ ಪರದೆಯ ಹೊಸ ಕಂಪ್ಯೂಟರ್ ತಂದಿದ್ದ. “ಸರ್, ವರನ ಪಂಚೆ ಬಲಗಡೆ ಇಟ್ರೆ ಬೆಳ್ಳಗೈತಿ, ಅದೇ ಫೋಟೋ ಮೇಲೆ ಎಡಗಡೆ ಮೂಲೆಗೆ ತಂದ್ರೆ ಕೆನೆ ಬಣ್ಣ ಆಗ್ತೈತಿ. ಅಂಗಡಿಯವ್ರನ್ನ ಕೇಳಿದ್ರೆ, ಎಲ್ಲಾ ಪೀಸೂ ಹಿಂಗೇ ಬರ್ತಾವ್ರಿ ಅಂತಾರೆ.” ಸಂಜೆ ಹೋಗಿ ನೋಡಿದೆ. ಅವನು ಹೇಳಿದ್ದು ನಿಜವಾಗಿತ್ತು. ಮೇಲಿನ ಎಡ ಮೂಲೆಯಲ್ಲಿ ಅಂಗೈಯಗಲದ ಜಾಗ, ಹಳೆಯ ಪುಸ್ತಕದ ಹಾಳೆಯಂತೆ ಹಳದಿಗೆ ತಿರುಗಿತ್ತು.

ಪರದೆಯಲ್ಲಿ ಏನೋ ಕೆಟ್ಟಿದೆ ಎಂದಾಗ ನಾವು ಮೊದಲು ಅನುಮಾನಿಸುವುದು ಚಿತ್ರ ಮೂಡಿಸುವ ಚುಕ್ಕೆಗಳನ್ನು, ಅಂದರೆ ಪಿಕ್ಸೆಲ್‌ಗಳನ್ನು. ಆದರೆ ಎಲ್‌ಸಿಡಿ ಪರದೆಯ ಪಿಕ್ಸೆಲ್‌ಗಳಿಗೆ ತಮ್ಮದೇ ಬೆಳಕಿಲ್ಲ. ಅವು ಬರೀ ಕಿಟಕಿಗಳು. ಬೆಳಕು ಬರುವುದು ಹಿಂದಿನಿಂದ. ಅದೂ ಪರದೆಯ ಹಿಂದೆ ಉದ್ದಗಲಕ್ಕೂ ದೀಪಗಳಿವೆ ಎಂದುಕೊಳ್ಳಬೇಡಿ. ಮಾಮೂಲಿ ಮಾನಿಟರುಗಳಲ್ಲಿ ಒಂದು ಅಂಚಿನ ಉದ್ದಕ್ಕೆ, ಹೆಚ್ಚಾಗಿ ಕೆಳಗಂಚಿನಲ್ಲಿ, ಪುಟ್ಟ ಎಲ್‌ಇಡಿಗಳ ಒಂದು ಸಾಲು ಇರುತ್ತದೆ, ಅಷ್ಟೇ. ಆ ಒಂದು ಗೆರೆಯ ಬೆಳಕನ್ನು ಸುಮಾರು 53 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಬಯಲಿಗೆಲ್ಲ ಸಮವಾಗಿ ಹಂಚಬೇಕು.

ಇದು ಎಂಥ ಕಷ್ಟದ ಕೆಲಸ ಎಂದು ನಮ್ಮ ಜಿಲ್ಲೆಯ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಭದ್ರಾ ನಾಲೆಯ ನೀರು ಲಕ್ಕವಳ್ಳಿಯ ಅಣೆಕಟ್ಟೆಯಿಂದ ಹೊರಟು ಇತ್ತ ಬರುವಾಗ ಮೇಲಿನವರ ತೂಬುಗಳು ತೆರೆದೇ ಇದ್ದರೆ ಕೊನೆಭಾಗದ ಗದ್ದೆಗೆ ಹನಿ ನೀರೂ ಮುಟ್ಟುವುದಿಲ್ಲ. ಸಮವಾಗಿ ಹಂಚಬೇಕೆಂದರೆ ನಾಲೆಯ ತಲೆಯಲ್ಲಿ ತೂಬುಗಳು ಚಿಕ್ಕವಿರಬೇಕು, ಕೆಳಗೆ ಹೋದಂತೆ ದೊಡ್ಡವಾಗಬೇಕು. ಪರದೆಯೊಳಗೆ ಇರುವ ಏರ್ಪಾಡು ಅಕ್ಷರಶಃ ಇದೇ. ಎಲ್‌ಇಡಿಯ ಬೆಳಕು ಕೆಲವೇ ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಹಾಳೆಯೊಂದರ ಅಂಚಿನಿಂದ ಒಳಗೆ ನುಗ್ಗುತ್ತದೆ. ನುಣುಪಾದ ಎರಡು ಮೈಗಳ ನಡುವೆ ಪೂರ್ಣ ಆಂತರಿಕ ಪ್ರತಿಫಲನ ಹೊಂದುತ್ತಾ, ಹೊರಗೆ ಸೋರದೆ ಮುಂದಕ್ಕೆ ಹರಿಯುತ್ತದೆ. ಹಾಳೆಯ ಹಿಂಬದಿಯಲ್ಲಿ ಸಾವಿರಾರು ಸಣ್ಣ ಬಿಳಿ ಚುಕ್ಕೆಗಳನ್ನು ಅಚ್ಚೊತ್ತಿರುತ್ತಾರೆ. ಚುಕ್ಕೆಗೆ ಬಡಿದ ಬೆಳಕು ದಾರಿ ತಪ್ಪಿ ಚದುರಿ, ಮುಂಬದಿಯಿಂದ ಹೊರಬೀಳುತ್ತದೆ. ಒಂದೊಂದು ಚುಕ್ಕೆಯೂ ಒಂದೊಂದು ತೂಬು. ಎಲ್‌ಇಡಿಯ ಹತ್ತಿರ ಚುಕ್ಕೆಗಳು ಚಿಕ್ಕವು, ವಿರಳ. ದೂರ ಹೋದಂತೆ ದೊಡ್ಡವು, ಒತ್ತೊತ್ತಾಗಿ. ಅದರ ಮೇಲೆ ಬೆಳಕನ್ನು ಇನ್ನಷ್ಟು ಹರಡುವ, ನಮ್ಮ ಕಡೆಗೆ ತಿರುಗಿಸುವ ತೆಳು ಹಾಳೆಗಳ ಪದರ.

ಚುಕ್ಕೆಗಳ ಲೆಕ್ಕ ಎಷ್ಟೇ ಸರಿಯಿದ್ದರೂ ಒಂದು ತೊಡಕು ಉಳಿಯುತ್ತದೆ. ಹಾಳೆಯ ಒಳಗೆ ಸಾಗುವ ದಾರಿಯಲ್ಲಿ ಎಲ್ಲ ಬಣ್ಣಗಳೂ ಒಂದೇ ಪ್ರಮಾಣದಲ್ಲಿ ಸವೆಯುವುದಿಲ್ಲ. ನೀಲಿ ಬೆಳಕಿನ ಅಲೆಯುದ್ದ ಕಡಿಮೆ. ಅದು ಕೆಂಪು, ಹಳದಿಗಿಂತ ತುಸು ಹೆಚ್ಚು ಚದುರುತ್ತದೆ, ತುಸು ಹೆಚ್ಚು ಹೀರಲ್ಪಡುತ್ತದೆ. ಸಂಜೆಯ ಸೂರ್ಯ ದಟ್ಟ ಗಾಳಿಯ ಉದ್ದ ದಾರಿ ದಾಟಿ ಬರುವಾಗ ನೀಲಿ ಕಳೆದುಕೊಂಡು ಕೆಂಪಾಗುತ್ತಾನಲ್ಲ, ಅದೇ ಸಂಗತಿ ಇಲ್ಲಿ ಬಹಳ ಚಿಕ್ಕ ಪ್ರಮಾಣದಲ್ಲಿ ನಡೆಯುತ್ತದೆ. ದೀಪದ ಸಾಲಿನಿಂದ ದೂರವಿರುವ ಅಂಚು ಹಳದಿಯತ್ತ ವಾಲುವುದು ಇದರಿಂದ.

ಇನ್ನೊಂದು ಕಾರಣ ದೀಪದಲ್ಲೇ ಇದೆ. ಬಿಳಿ ಎಲ್‌ಇಡಿ ಎಂಬುದು ಮೂಲತಃ ನೀಲಿ ಎಲ್‌ಇಡಿ. ಅದನ್ನು ಬೆಳಗಿಸಿದ್ದಕ್ಕೇ ಇಸಾಮು ಅಕಾಸಾಕಿ, ಹಿರೋಷಿ ಅಮಾನೊ, ಶುಜಿ ನಕಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನೀಲಿ ಎಲ್‌ಇಡಿಯ ಚಿಪ್ ಮೇಲೆ ಹಳದಿ ಬೆಳಕು ಸೂಸುವ ಫಾಸ್ಫರ್ ಪುಡಿಯ ಲೇಪ ಕೊಡುತ್ತಾರೆ. ಲೇಪ ದಾಟಿ ಬಂದ ನೀಲಿಯೂ, ಲೇಪ ಹೊರಸೂಸಿದ ಹಳದಿಯೂ ಬೆರೆತು ಕಣ್ಣಿಗೆ ಬಿಳಿಯಾಗುತ್ತದೆ. ಲೇಪ ಒಂದಿಷ್ಟು ದಪ್ಪವಾದರೆ ಬಿಳಿ ಹಳದಿಗೆ ವಾಲುತ್ತದೆ, ತೆಳುವಾದರೆ ನೀಲಿಗೆ. ಹೀಗಾಗಿ ಕಾರ್ಖಾನೆಯಲ್ಲಿ ಎಲ್‌ಇಡಿಗಳನ್ನು ಅಳೆದು, ಬಣ್ಣದ ಪ್ರಕಾರ ವಿಂಗಡಿಸುತ್ತಾರೆ. ನಮ್ಮೂರಿನ ಜವಳಿಯವರು ಒಂದೇ ಶೇಡಿನ ಥಾನುಗಳನ್ನು ಜೋಡಿಸಿಡುವಂತೆಯೇ. ಆ ವಿಂಗಡಣೆ ಬಿಗಿಯಾದಷ್ಟೂ ಬೆಲೆ ಏರುತ್ತದೆ, ಸಡಿಲವಾದರೆ ಪರದೆಯ ಒಂದು ಬದಿಗೂ ಇನ್ನೊಂದು ಬದಿಗೂ ಬಿಳಿ ಬೇರೆಯಾಗುತ್ತದೆ.

ಬೆಳಕು ಇಷ್ಟೆಲ್ಲ ದಾಟಿದ ಮೇಲೆ ಗಾಜಿನ ಹಂತ. ಎರಡು ಗಾಜುಗಳ ಹೊರಮೈಗೆ ಧ್ರುವಕ ಹಾಳೆಗಳನ್ನು ಅಂಟಿಸಿರುತ್ತಾರೆ. ಮಗ್ಗದ ಭಾಷೆಯಲ್ಲಿ ಹೇಳುವುದಾದರೆ, ಒಂದು ಹಾಳೆ ಹಾಸಿನ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುತ್ತದೆ, ಇನ್ನೊಂದು ಹೊಕ್ಕಿನ ದಿಕ್ಕಿನದನ್ನು ಮಾತ್ರ. ಎರಡೇ ಇದ್ದರೆ ಬೆಳಕು ದಾಟದು, ಪರದೆ ಕಪ್ಪು. ನಡುವೆ ತುಂಬಿದ ದ್ರವಸ್ಫಟಿಕ (ದ್ರವದಂತೆ ಹರಿದರೂ ಅಣುಗಳು ಸ್ಫಟಿಕದಂತೆ ಸಾಲಾಗಿ ನಿಲ್ಲುವ ವಸ್ತು, ಎಲ್‌ಸಿಡಿಯ ‘ಎಲ್‌ಸಿ’ ಇದೇ) ಬೆಳಕಿನ ಕಂಪನದ ದಿಕ್ಕನ್ನು ತಿರುಗಿಸಿಕೊಟ್ಟಾಗ ಬೆಳಕು ಆಚೆ ಬರುತ್ತದೆ. ಎಷ್ಟು ತಿರುಗಿಸಬೇಕು ಎಂಬುದನ್ನು ವಿದ್ಯುತ್ ನಿರ್ಧರಿಸುತ್ತದೆ. ಆ ದ್ರವಸ್ಫಟಿಕದ ಪದರದ ದಪ್ಪ 3–4 ಮೈಕ್ರಾನ್. ತಲೆಗೂದಲು ಸುಮಾರು 70 ಮೈಕ್ರಾನ್ ಎಂದಿಟ್ಟುಕೊಂಡರೆ ಅದರ ಇಪ್ಪತ್ತನೇ ಒಂದು ಪಾಲು. ಇಷ್ಟು ತೆಳು ಸಂದು ಪರದೆಯ ಉದ್ದಗಲಕ್ಕೂ ಒಂದೇ ಸಮ ಇರಬೇಕು. ಹಿಂದಿನ ಚೌಕಟ್ಟು ಎಲ್ಲೋ ಒಂದು ಕಡೆ ಬಿಗಿಯಾಗಿ ಒತ್ತಿದರೂ ಅಲ್ಲಿ ಮೋಡ ಕವಿದಂತೆ ಕಲೆ ಕಾಣುತ್ತದೆ. ಪರದೆಯ ಮೇಲೆ ಬೆರಳೊತ್ತಿದಾಗ ಬಣ್ಣದ ಅಲೆಗಳು ಏಳುವುದನ್ನು ನೀವು ನೋಡಿರುತ್ತೀರಿ, ಕಾರಣ ಇದೇ. ಇಂಥ ಎಲ್ಲ ಕಲೆಗಳಿಗೂ ಪರದೆ ಉದ್ಯಮದಲ್ಲಿ ‘ಮುರಾ’ ಎನ್ನುತ್ತಾರೆ. ಜಪಾನಿ ಭಾಷೆಯಲ್ಲಿ ಅದರ ಅರ್ಥ ಏರುಪೇರು.

ದ್ರವಸ್ಫಟಿಕದ ಮಾತು ಬಂದಾಗ ಬೆಂಗಳೂರಿನ ಹೆಸರು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗದು. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸಿದ್ದ ಎಸ್. ಚಂದ್ರಶೇಖರ್ ಅವರು 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರೊಂದಿಗೆ ಬಿಲ್ಲೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಕಂಡುಹಿಡಿದರು. ಅಲ್ಲಿಯವರೆಗೆ ಕಡ್ಡಿಯಂಥ ಅಣುಗಳಷ್ಟೇ ದ್ರವಸ್ಫಟಿಕ ಆಗಬಲ್ಲವು ಎಂಬ ನಂಬಿಕೆ ಇತ್ತು. ಮುಂದೆ ಜಪಾನಿನ ಫ್ಯೂಜಿ ಕಂಪನಿ ಇಂಥ ಬಿಲ್ಲೆ ಅಣುಗಳಿಂದಲೇ ತೆಳು ಹಾಳೆಯೊಂದನ್ನು ತಯಾರಿಸಿತು. ಓರೆಯಾಗಿ ನೋಡಿದಾಗ ಬಣ್ಣ ಕೆಡುವ ಹಳೆಯ ಬಗೆಯ ಟಿಎನ್ ಪರದೆಗಳಿಗೆ ಅದನ್ನು ಅಂಟಿಸಿದ ಮೇಲೆ ನೋಟ ಎಷ್ಟೋ ಸುಧಾರಿಸಿತು. ಬಣ್ಣದ ಏರುಪೇರನ್ನು ತಿದ್ದುವ ಕೆಲಸದಲ್ಲಿ ನಮ್ಮ ನೆಲದ ಪಾಲೂ ಇದೆ.

ಹಾಗಾದರೆ ಎಲ್ಲ ಪರದೆಗಳೂ ಏರುಪೇರಿನವೇ? ಹೌದು. ಮೂಲೆಗಳು ನಡುವಿಗಿಂತ ಶೇಕಡಾ 10–20ರಷ್ಟು ಮಂಕಾಗಿರುವುದು ಸಾಮಾನ್ಯ. ಆದರೂ ನಮಗೆ ಕಾಣುವುದಿಲ್ಲ, ಏಕೆಂದರೆ ಕಣ್ಣು ಅಳತೆಗೋಲಲ್ಲ. ಟ್ಯೂಬ್‌ಲೈಟಿನ ಹತ್ತಿರದ ಗೋಡೆ ಬೆಳ್ಳಗೆ, ದೂರದ ಗೋಡೆ ಮಬ್ಬು. ಆದರೂ ಗೋಡೆಗೆಲ್ಲ ಒಂದೇ ಸುಣ್ಣ ಎಂದೇ ನಮಗನಿಸುತ್ತದೆ. ನಿಧಾನವಾಗಿ ಇಳಿಯುವ ವ್ಯತ್ಯಾಸವನ್ನು ಕಣ್ಣು ಮಾಫಿ ಮಾಡುತ್ತದೆ, ತಟ್ಟನೆ ಬದಲಾಗುವ ಅಂಚನ್ನು ಹಿಗ್ಗಿಸಿ ತೋರಿಸುತ್ತದೆ. ಆಸ್ಟ್ರಿಯಾದ ಭೌತವಿಜ್ಞಾನಿ ಅರ್ನ್‌ಸ್ಟ್ ಮಾಖ್ ಇದನ್ನು 1865ರಲ್ಲೇ ವಿವರಿಸಿದ್ದ. ಹಾಗಾಗಿ ಒಂದು ಪರದೆಯ ವ್ಯತ್ಯಾಸ ದೋಷವೋ ಅಲ್ಲವೋ ಎಂಬುದು ಎಷ್ಟು ವ್ಯತ್ಯಾಸ ಎಂಬುದರಷ್ಟೇ, ಎಷ್ಟು ಜಾಗದೊಳಗೆ ವ್ಯತ್ಯಾಸ ಎಂಬುದರ ಮೇಲೂ ನಿಂತಿದೆ. “ಎಲ್ಲಾ ಹಿಂಗೇ ಬರ್ತಾವ್ರಿ” ಎಂಬ ಅಂಗಡಿಯ ಮಾತಿನಲ್ಲಿ ಅರ್ಧ ಸತ್ಯ ಇರುವುದು ಇಲ್ಲಿ. ಉಳಿದರ್ಧವನ್ನು ಒಪ್ಪಲಾಗದು. ಅಂಗೈಯಗಲದ ಜಾಗದಲ್ಲಿ ಪಂಚೆಯ ಬಣ್ಣವೇ ಬದಲಾದರೆ, ಬಣ್ಣವನ್ನೇ ನಂಬಿ ದುಡಿಯುವವನಿಗೆ ಅದು ಖಂಡಿತ ದೋಷ.

ದುಬಾರಿ ಕಂಪ್ಯೂಟರಿಗೂ ಇದು ತಪ್ಪಿದ್ದಲ್ಲ. 2009ರ ಕೊನೆಯಲ್ಲಿ ಬಂದ ಆ್ಯಪಲ್‌ನ 27 ಇಂಚಿನ ಐಮ್ಯಾಕ್ ಪರದೆಗಳು ಹಳದಿಗಟ್ಟುತ್ತವೆ, ಮಿನುಗುತ್ತವೆ ಎಂದು ಹಲವು ದೇಶಗಳ ಗ್ರಾಹಕರು ದೂರಿದ್ದರು. ಮಿನುಗುವುದಕ್ಕೆ ಕಂಪನಿ ತಂತ್ರಾಂಶದ ತಿದ್ದುಪಡಿ ಕೊಟ್ಟಿತು. ಹಿಂದಿನ ಬೆಳಕಿನ ಹಳದಿ ಹಾಗೆ ತಂತ್ರಾಂಶದಿಂದ ಸುಲಭಕ್ಕೆ ಹೋಗುವಂಥದ್ದಲ್ಲ.

ನನ್ನ ವಿದ್ಯಾರ್ಥಿಯೂ ಬಣ್ಣ ತಿದ್ದುವ ಅಳತೆಯಂತ್ರವನ್ನು ಬಾಡಿಗೆಗೆ ತರುವ ಯೋಚನೆಯಲ್ಲಿದ್ದ. ಬೇಡವೆಂದೆ. ಆ ಯಂತ್ರವನ್ನು ಪರದೆಯ ನಡುವಿಗೆ ಇಟ್ಟು ಅಳೆಯುತ್ತಾರೆ, ಬರುವ ತಿದ್ದುಪಡಿ ಇಡೀ ಪರದೆಗೆ ಒಂದೇ. ನಡುಭಾಗ ಸರಿಯಾಗುತ್ತದೆ, ಮೂಲೆ ಅಷ್ಟೇ ಹಳದಿ ಉಳಿಯುತ್ತದೆ. ಜಾಗಜಾಗಕ್ಕೂ ಬೇರೆ ತಿದ್ದುಪಡಿಯನ್ನು ಕಾರ್ಖಾನೆಯಲ್ಲೇ ಅಳೆದು ತುಂಬಿಟ್ಟ ಮಾನಿಟರುಗಳಿವೆ, ಅವು ಅವನ ಕೈಗೆಟುಕುವ ಬೆಲೆಯವಲ್ಲ.

ಬದಲಿಗೆ ಇಬ್ಬರೂ ಕೂತು ಪರೀಕ್ಷೆ ಮಾಡಿದೆವು. ಪರದೆಯನ್ನು ಅರ್ಧ ಗಂಟೆ ಉರಿಯಲು ಬಿಟ್ಟೆವು. ರಾತ್ರಿ ಹೊತ್ತು ಪರದೆಯನ್ನು ಹಳದಿಗೆ ತಿರುಗಿಸುವ ನೈಟ್ ಲೈಟ್ ಆಯ್ಕೆಯನ್ನು ಆಫ್ ಮಾಡಿದೆವು. ಬಹಳ ದೂರುಗಳು ಇಲ್ಲೇ ಮುಗಿಯುತ್ತವೆ. ತಲೆಯನ್ನು ಆಚೀಚೆ, ಮೇಲೆ ಕೆಳಗೆ ಸರಿಸಿ ನೋಡಿದೆವು. ಕಲೆ ನಮ್ಮೊಂದಿಗೆ ಸರಿದಾಡಿದರೆ ಅದು ನೋಟದ ಕೋನದ ಪರಿಣಾಮ, ನಿಂತಲ್ಲೇ ನಿಂತರೆ ಪರದೆಯದ್ದು. ನಮ್ಮದು ಕದಲಲಿಲ್ಲ. ಸ್ಕ್ರೀನ್‌ಶಾಟ್ ತೆಗೆದು ನನ್ನ ಮೊಬೈಲಿನಲ್ಲಿ ನೋಡಿದರೆ ಎಲ್ಲ ಕಡೆ ಒಂದೇ ಬಿಳಿ. ಅಲ್ಲಿಗೆ ತಂತ್ರಾಂಶ ನಿರಪರಾಧಿ. ಪರದೆ ತುಂಬ ನಡುತರದ ಬೂದು ಬಣ್ಣ ತುಂಬಿಸಿ ನೋಡಿದೆವು. ಬೂದಿನಲ್ಲಿ ಮಾತ್ರ ಕಾಣುವ ಕಲೆ ಹೆಚ್ಚಾಗಿ ದ್ರವಸ್ಫಟಿಕದ ಪದರದ್ದು, ಏಕೆಂದರೆ ಅರೆಬರೆ ತೆರೆದ ಕಿಟಕಿಯಲ್ಲೇ ಸಣ್ಣ ತಪ್ಪು ದೊಡ್ಡದಾಗಿ ಕಾಣುವುದು. ಬಿಳಿ, ಬೂದು ಎರಡರಲ್ಲೂ ಒಂದೇ ರೀತಿ ಕಂಡರೆ ಹಿಂದಿನ ಬೆಳಕಿನದ್ದು. ಅವನದು ಎರಡರಲ್ಲೂ ಇತ್ತು.

ಚುಕ್ಕೆಗಳನ್ನೂ ನೋಡಿದೆವು. ಫುಲ್ ಎಚ್‌ಡಿ ಪರದೆಯಲ್ಲಿ 20,73,600 ಪಿಕ್ಸೆಲ್‌ಗಳು, ಒಂದೊಂದರಲ್ಲೂ ಕೆಂಪು, ಹಸಿರು, ನೀಲಿ ಮೂರು ಕಿಟಕಿ, ಒಟ್ಟು 62 ಲಕ್ಷಕ್ಕೂ ಮಿಕ್ಕಿ. ಪ್ರತಿ ಕಿಟಕಿಗೂ ಒಂದು ಟ್ರಾನ್ಸಿಸ್ಟರ್. ಅದು ಕೆಟ್ಟರೆ, ಓರೆಯಾಗಿ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಐಪಿಎಸ್ ಬಗೆಯ ಪರದೆಯಲ್ಲಿ ಸಾಮಾನ್ಯವಾಗಿ ಕಪ್ಪು ಚುಕ್ಕೆ, ಟಿಎನ್ ಪರದೆಯಲ್ಲಿ ಹೊಳೆಯುವ ಚುಕ್ಕೆ. ವಿದ್ಯುತ್ ಇಲ್ಲದಾಗ ಮೊದಲನೆಯದು ಮುಚ್ಚಿರುತ್ತದೆ, ಎರಡನೆಯದು ತೆರೆದಿರುತ್ತದೆ. ಅವನ ಪರದೆಯಲ್ಲಿ ಒಂದೂ ಇರಲಿಲ್ಲ.

ಕೊನೆಗೆ ಬೂದು ಪರದೆಯ ಫೋಟೋ ತೆಗೆದೆವು. ಇಲ್ಲೊಂದು ಎಚ್ಚರ ಬೇಕು. ಮೊಬೈಲ್ ಕ್ಯಾಮೆರಾ ತಾನಾಗಿಯೇ ಬಣ್ಣ ಹೊಂದಿಸಿಕೊಳ್ಳುತ್ತದೆ. ವೈಟ್ ಬ್ಯಾಲೆನ್ಸ್ ಅನ್ನು ಕೈಯಾರೆ ಒಂದೇ ಕಡೆ ನಿಲ್ಲಿಸಿ, ಇಡೀ ಪರದೆ ಒಂದೇ ಚೌಕಟ್ಟಿನಲ್ಲಿ ಬರುವಂತೆ ನೇರವಾಗಿ ನಿಂತು ತೆಗೆಯಬೇಕು. ಆ ಫೋಟೋ, ರಸೀದಿ ಎರಡನ್ನೂ ಹಿಡಿದು ಅವನು ಅಂಗಡಿಗೆ ಹೋದ. ಕೊಂಡು ಇನ್ನೂ ಆರನೇ ದಿನ. ಅಂಗಡಿಯವರು ಫೋಟೋವನ್ನು ಸ್ವಲ್ಪ ಹೊತ್ತು ನೋಡಿ, ಬದಲಿ ತರಿಸಿಕೊಡಲು ಒಪ್ಪಿದರು.

ಬಂದ ಬದಲಿ ಪರದೆಯಲ್ಲೂ ಕೆಳಗಿನ ಬಲ ಮೂಲೆ ಕೂದಲೆಳೆಯಷ್ಟು ಹಳದಿಗೆ ವಾಲಿದ ಬಿಳಿ. ಗೊತ್ತಿಲ್ಲದವರಿಗೆ ಕಾಣದು, ಅವನಿಗೆ ಕಾಣುತ್ತದೆ. ಈಗ ಅವನು ಬ್ರಷ್ಷು, ಲೇಯರುಗಳ ಪಟ್ಟಿಯನ್ನೆಲ್ಲ ಆ ಮೂಲೆಗೆ ಸರಿಸಿಟ್ಟಿದ್ದಾನೆ. ವಧೂವರರ ಫೋಟೋ ಮಾತ್ರ ಯಾವಾಗಲೂ ನಡುವಿನಲ್ಲೇ ತೆರೆಯುತ್ತಾನೆ.